ಚೌಕಾಶಿ ಎಂಬ ವಿಚಾರಣೆ

(ಹಳೆಯ ಕಾರುಗಳನ್ನು ಉಳಿಸಿಕೊಂಡವರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಮನೆಯ ಮುಂದೆ ಒಂದು ಪ್ರೀಮಿಯರ್ ಪದ್ಮಿನಿ ನಿಂತಿದೆ. ತಂದೆಯವರು ಕೊಂಡ ಕಾರು. ಈ ಸಭೆಯಲ್ಲಿ ಇದನ್ನು ಹೆಮ್ಮೆಯಿಂದ ಹೇಳಬಹುದು. ಬೇರೆ ಕಡೆ ಹೇಳಿದರೆ 'ಇನ್ನೂ ಗುಜರಿಗೆ ಹಾಕಿಲ್ಲವೇ?' ಎನ್ನುತ್ತಾರೆ. ಅದು ಓಡುತ್ತಿರುವುದೇ ಗುಜರಿಯ ದಯೆಯಿಂದ ಎಂಬುದು ಅವರಿಗೆ ತಿಳಿಯದು. ಈ ಕಾರಿನ ತಯಾರಿಕೆ ನಿಂತು ಎರಡು ದಶಕ ಮೀರಿತು. ಮುಂಬಯಿಯಲ್ಲಿ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಉಳಿದಿದ್ದ ಪದ್ಮಿನಿಗಳೂ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿದವು. ಇನ್ನು ಬಿಡಿಭಾಗ ಬೇಕೆಂದರೆ ಯಾರದೋ ಸತ್ತ ಕಾರಿನಿಂದಲೇ ಬರಬೇಕು.

ಎರಡು ವರ್ಷದ ಹಿಂದೆ ಅದರ ಕಾರ್ಬ್ಯುರೇಟರ್ ಕೈಕೊಟ್ಟಿತು. ಮಗಳು ಮೊಬೈಲಿನಲ್ಲಿ ಹುಡುಕಿ ಒಂದು ಜಾಹೀರಾತು ತೋರಿಸಿದಳು. ಮೂರು ಫೋಟೋ, ಕೆಳಗೆ ನಾಲ್ಕೇ ಪದ: 'ಪದ್ಮಿನಿ ಕಾರ್ಬ್ಯುರೇಟರ್, ಗುಡ್ ಕಂಡಿಷನ್'. ಬೆಲೆ 4,500 ರೂಪಾಯಿ. ನಾನು 2,500 ಎಂದೆ. ಆತ 4,000 ಎಂದ. ರಾತ್ರಿ ಊಟವಾಗುವಷ್ಟರಲ್ಲಿ 3,000ಕ್ಕೆ ಕುದುರಿತು. ಕೂತಲ್ಲೇ 1,500 ರೂಪಾಯಿ ಉಳಿಸಿದೆನೆಂದು ಮನೆಯವರೆಲ್ಲರ ಮುಂದೆ ಬೀಗಿದೆ.

ನಾಲ್ಕು ದಿನಕ್ಕೆ ಪೆಟ್ಟಿಗೆ ಬಂತು. ನಮ್ಮ ಮೆಕ್ಯಾನಿಕ್ ಅದನ್ನು ಕೈಗೆತ್ತಿಕೊಂಡು ಥ್ರಾಟಲ್ ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದ. ಅದು ಹಲ್ಲಿಲ್ಲದ ಬಾಯಂತೆ ಆಡಿತು. 'ಇಲ್ಲಿ ಗಾಳಿ ಎಳೀತದೆ ಸಾರ್, ಐಡ್ಲಿಂಗ್ ನಿಲ್ಲಲ್ಲ' ಎಂದು ಪಕ್ಕಕ್ಕಿಟ್ಟ. ಮಾರಿದವನಿಗೆ ಫೋನ್ ಮಾಡಿದರೆ ಆತ ಸಿಟ್ಟಾಗಲಿಲ್ಲ. 'ನೀವು ಅದನ್ನು ಕೇಳಲೇ ಇಲ್ಲವಲ್ಲ' ಎಂದ. ನಿಜ. ನಾನು ಕೇಳಿದ್ದು ಬೆಲೆಯೊಂದನ್ನೇ.

ಆ ಮಾತು ತಲೆಯಲ್ಲಿ ಉಳಿಯಿತು. ಚೌಕಾಶಿ ಎಂಬ ಪದವನ್ನು ನಾವು ಬೆಲೆಯ ಜಗ್ಗಾಟಕ್ಕೆ ಬಳಸುತ್ತೇವೆ. ಇದರದೇ ಮರಾಠಿ ರೂಪ 'ಚೌಕಶಿ'. ಅಲ್ಲಿ ಅದಕ್ಕೆ ಅರ್ಥ ವಿಚಾರಣೆ, ತಪಾಸಣೆ. ಗುಜರಿಯಲ್ಲಿ ಈ ಎರಡು ಅರ್ಥಗಳೂ ಬೇರೆಬೇರೆಯಲ್ಲ ಎಂಬುದೇ ಇವತ್ತು ನಾನು ಹೇಳಬೇಕೆಂದಿರುವ ಸಂಗತಿ.

ದನದ ಜಾತ್ರೆ ನೋಡಿದವರಿಗೆ ಇದು ಹೊಸದಲ್ಲ. ಘಾಟಿ ಸುಬ್ರಹ್ಮಣ್ಯದಂಥ ಜಾತ್ರೆಗಳಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವುದನ್ನು ಎಲ್ಲರೂ ವರ್ಣಿಸುತ್ತಾರೆ. ಅದಕ್ಕೆ ಮೊದಲು ನಡೆಯುವುದನ್ನು ಯಾರೂ ವರ್ಣಿಸುವುದಿಲ್ಲ. ಕೊಳ್ಳುವವನು ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಟವೆಲು ಹೆಗಲಿನಿಂದ ಇಳಿಯುವುದು ಕೊನೆಗೆ. ಫೋನಿನಲ್ಲಿ ಮೊದಲು ಬರುವ ಸಂದೇಶವೇ 'ಲಾಸ್ಟ್ ಎಷ್ಟು?'. ಕಡೆಯದನ್ನು ಮೊದಲು ಕೇಳುವ ಈ ವ್ಯಾಪಾರ ನಮ್ಮ ಅಜ್ಜಂದಿರಿಗೆ ಅರ್ಥವಾಗುತ್ತಿರಲಿಲ್ಲ.

ಹಳೆಯ ಬಿಡಿಭಾಗದ ಬೆಲೆ ಎಲ್ಲಿಂದ ಹುಟ್ಟುತ್ತದೆ? ಅದಕ್ಕೊಂದು ತಳವಿದೆ, ಒಂದು ಮಾಡಿದೆ. ತಳವೆಂದರೆ ಲೋಹದ ತೂಕ. ಹಿಂದಿನ ಕಾರುಗಳ ರೇಡಿಯೇಟರು ತಾಮ್ರ-ಹಿತ್ತಾಳೆಯದು. ಏನೂ ಕೆಲಸಕ್ಕೆ ಬಾರದಿದ್ದರೂ ತಕ್ಕಡಿಯಲ್ಲಿ ದುಡ್ಡು ಹುಟ್ಟುತ್ತದೆ. ಇಂದಿನದು ಅಲ್ಯೂಮಿನಿಯಂ, ಬದಿಗೆ ಪ್ಲಾಸ್ಟಿಕ್. ತೂಕಕ್ಕೆ ಹಾಕಿದರೆ ಚಹಾದ ಖರ್ಚು ಗಿಟ್ಟಬಹುದು. ಮಾಡು ಎಂದರೆ ಅದೇ ಭಾಗದ ಹೊಸದರ ಬೆಲೆ. ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತಾದರೂ ಅದರ ಎಷ್ಟೋ ಸಾಮಾನು ಹೊಸದಾಗಿಯೇ ಸಿಗುತ್ತದೆ. ಹಳೆಯದಕ್ಕೆ ಅದಕ್ಕಿಂತ ಹೆಚ್ಚು ಯಾರು ಕೊಟ್ಟಾರು? ಪದ್ಮಿನಿಯ ಅನೇಕ ಭಾಗಗಳಿಗೆ ಆ ಮಾಡೇ ಹಾರಿಹೋಗಿದೆ. ಆಗ ಬೆಲೆ ಕಟ್ಟುವುದು ಕೊಳ್ಳುವವನ ಮುಖ ನೋಡಿ. ಆದ್ದರಿಂದಲೇ ನಾನು ಗುಜರಿಗೆ ಹೋಗುವಾಗ ಕಾರನ್ನು ಎರಡು ಬೀದಿ ಆಚೆ ನಿಲ್ಲಿಸುತ್ತೇನೆ. ಅದನ್ನು ನೋಡಿದ ಕ್ಷಣವೇ ನನ್ನ ಗರಜು ಅಂಗಡಿಯವನಿಗೆ ತಿಳಿದುಬಿಡುತ್ತದೆ.

ಪೆಟ್ಟಿಗೆಯ ಪ್ರಸಂಗವಾದ ಮೇಲೆ ಹಳೆಯ ಹಾದಿಯನ್ನೇ ಹಿಡಿದು ಶಿವಾಜಿನಗರಕ್ಕೆ ಹೋದೆ. ಗ್ರೀಸು ಮೆತ್ತಿದ ಗೇರ್‌ಬಾಕ್ಸುಗಳ ನಡುವೆ ಸ್ಟೂಲಿನ ಮೇಲೆ ಕೂತ ಯಜಮಾನರು 3,500 ಎಂದರು. ನಾನು 2,000 ಎಂದೆ. ಅವರು ಸಂಖ್ಯೆಯಿಂದ ಉತ್ತರ ಕೊಡಲಿಲ್ಲ. ಕಾರ್ಬ್ಯುರೇಟರನ್ನು ನನ್ನ ಕೈಗಿಟ್ಟು 'ಆಡಿಸಿ ನೋಡಿ' ಎಂದರು. ಶಾಫ್ಟು ಗಟ್ಟಿಯಾಗಿತ್ತು. ಮುಚ್ಚಳ ಬಿಚ್ಚಿಸಿದೆ, ಫ್ಲೋಟು ಸರಿಯಿತ್ತು, ಒಂದು ಜೆಟ್ಟಿನ ತಲೆ ಸ್ಕ್ರೂಡ್ರೈವರಿನ ಪೆಟ್ಟು ತಿಂದಿತ್ತು. ಅದನ್ನು ತೋರಿಸಿದಾಗ 3,000 ಆಯಿತು. ಎದ್ದು ಮೂರು ಹೆಜ್ಜೆ ನಡೆದೆ. ಹಿಂದಿನಿಂದ ಕರೆ ಬಂತು, 2,700. ಜೊತೆಗೆ ಬೇರೊಂದರಿಂದ ಬಿಚ್ಚಿದ ಜೆಟ್ಟು, ಕೊಸರಿಗೆ. ಇಲ್ಲಿ ಇಳಿದ ಒಂದೊಂದು ನೂರಕ್ಕೂ ಒಂದೊಂದು ಕಾರಣವಿತ್ತು, ಆ ಮೂರು ಹೆಜ್ಜೆಯದು ಬಿಟ್ಟು. ಫೋನಿನಲ್ಲಿ ಇಳಿಸಿದ 1,500ಕ್ಕೆ ಇಬ್ಬರ ಹಟದ ಹೊರತು ಕಾರಣವೇ ಇರಲಿಲ್ಲ.

ಇದನ್ನು ವಿದ್ವಾಂಸರೂ ಬಿಟ್ಟಿಲ್ಲ. ಜಾರ್ಜ್ ಅಕರ್‌ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1970ರಲ್ಲಿ ಬಳಸಿದ ಕಾರುಗಳ ಪೇಟೆಯ ಬಗ್ಗೆ ಒಂದು ಪ್ರಬಂಧ ಬರೆದರು. ಮಾರುವವನಿಗೆ ಮಾಲಿನ ಕೊರತೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲಕ್ಕೂ ಸರಾಸರಿ ಬೆಲೆಯನ್ನೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಮಾಲಿನವನು ಮಾರದೆ ಹಿಂದೆ ಸರಿಯುತ್ತಾನೆ. ಪೇಟೆಯಲ್ಲಿ ಉಳಿಯುವುದು ಕೆಟ್ಟದ್ದು. 2001ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮಂಥ ದೇಶಗಳ ಅಕ್ಕಿಯೊಳಗಿನ ಕಲ್ಲೂ ಆ ಪ್ರಬಂಧದಲ್ಲಿ ಬಂದುಹೋಗುತ್ತದೆ. ಮೊರದಲ್ಲಿ ಅಕ್ಕಿ ಕೇರಿದ ಯಾವ ಹೆಂಗಸಿಗೂ ಈ ತತ್ವ ಹೊಸದೆನಿಸಲಾರದು.

ಮೊರಾಕೊದ ಸಂತೆಯೊಂದನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ 1978ರಲ್ಲಿ ಇನ್ನೊಂದು ತುದಿಯಿಂದ ಇದನ್ನೇ ಹೇಳಿದರು. ಇಂಥ ಪೇಟೆಯಲ್ಲಿ ನೂರು ಜನರಿಗೆ ಒಂದೊಂದು ಪ್ರಶ್ನೆ ಕೇಳಿ ಪ್ರಯೋಜನವಿಲ್ಲ; ಕೆಲವರಿಗೇ ಹಲವು ಪ್ರಶ್ನೆ ಕೇಳಬೇಕು. ಹಾಗೆ ಕೇಳುವ ವಿಧಾನವೇ ಚೌಕಾಶಿ. ಫೋನು ನಮಗೆ ಕೊಟ್ಟಿರುವುದು ಆ ನೂರು ಜನರನ್ನು.

ಅದು ಸಣ್ಣ ಕೊಡುಗೆಯಲ್ಲ, ಒಪ್ಪುತ್ತೇನೆ. ಹಾಸನದಲ್ಲಿ ಪದ್ಮಿನಿ ಇಟ್ಟವನು ಹಿಂದೆ ಒಂದು ಬಾಗಿಲ ಹಿಡಿಗಾಗಿ ಬೆಂಗಳೂರಿಗೆ ಬಸ್ಸು ಹತ್ತಬೇಕಿತ್ತು. ಈಗ ಕೊಯಮತ್ತೂರಿನ ಹಿಡಿಯೂ ಅವನ ಅಂಗೈಯಲ್ಲಿ ಕಾಣುತ್ತದೆ. ಗುಜರಿಯಲ್ಲಿ ಕನ್ನಡಕ ಹಾಕಿಕೊಂಡವರಿಗೆ ಒಂದು ಬೆಲೆ, ಮೈಗೆ ಗ್ರೀಸು ಮೆತ್ತಿಕೊಂಡವರಿಗೆ ಇನ್ನೊಂದು. ಒಂಟಿಯಾಗಿ ಬಂದ ಹೆಂಗಸಿಗೆ ಮೂರನೆಯದು. ನಾಲ್ಕು ಜಾಹೀರಾತು ನೋಡಿ ಹೋದವರನ್ನು ಅಷ್ಟು ಸುಲಭವಾಗಿ ಬೋಳಿಸಲಾಗದು.

ಆದರೆ ಗಮನಿಸಿ, ಅತಿ ಅಗ್ಗವೂ ಏನನ್ನೋ ಹೇಳುತ್ತಿರುತ್ತದೆ. ಎಂಜಿನ್ನಿಗೆ, ಛಾಸಿಗೆ ನಂಬರು ಇರುತ್ತದೆ. ಬಾಗಿಲಿಗೆ, ದೀಪಕ್ಕೆ, ಚಕ್ರಕ್ಕೆ ಸಾಮಾನ್ಯವಾಗಿ ಮೂಲ ಹೇಳುವ ಗುರುತಿರುವುದಿಲ್ಲ. ಮೀರತ್‌ನ ಸೋತಿಗಂಜ್ ಹಳೆಯ ಬಿಡಿಭಾಗಗಳಿಗೆ ದೇಶಕ್ಕೇ ಹೆಸರಾಗಿದ್ದ ಪೇಟೆ. ಕದ್ದ ವಾಹನಗಳನ್ನು ಬಿಚ್ಚಿ ಮಾರುವ ದಂಧೆಯ ಮೇಲೆ ಪೊಲೀಸರು ಬಿಗಿ ಕ್ರಮ ಕೈಗೊಂಡಾಗ, 2021ರ ಡಿಸೆಂಬರಿನಲ್ಲಿ ಅದರ ಅಂಗಡಿಗಳ ಬಾಗಿಲು ಮುಚ್ಚಿದವು. ಕಳವಿನದೆಂದು ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಮಾಲು ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. 8,000ದ ಸಾಮಾನನ್ನು ಯಾರಾದರೂ 1,000ಕ್ಕೆ ಕೊಡುತ್ತೇನೆಂದರೆ ಆ ಬೆಲೆಯೇ ಅಂಥದೊಂದು ಕಾರಣವಾಗಬಹುದು. 'ಯಾವ ಕಾರಿನದು, ಯಾಕೆ ಬಿಚ್ಚಿದಿರಿ?' ಎಂದು ಕೇಳಿ ನೋಡಿ. ನಿಜವಾಗಿ ಕಾರು ಬಿಚ್ಚಿದವನಿಗೆ ಹೇಳಲು ಒಂದು ಕಥೆ ಇದ್ದೇ ಇರುತ್ತದೆ.

ಹೇಗೂ ಹೇಳುತ್ತಿದ್ದೇನೆ, ಮತ್ತೊಂದು ಮಾತು. ನೀವು ಮಾರುವವರಾದಾಗ ಯಾರಾದರೂ 'ಹಣ ಬರಬೇಕಾದರೆ ಈ ಕೋಡ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ' ಎಂದರೆ ಫೋನಿಟ್ಟುಬಿಡಿ. ಹಣ ಪಡೆಯಲು ಪಿನ್ ಬೇಕಿಲ್ಲ; ಪಿನ್ ಒತ್ತಿದರೆ ಹಣ ಹೋಗುತ್ತದೆ. ಇನ್ನು ಬ್ರೇಕಿನ ರಬ್ಬರು, ಹೋಸುಗಳನ್ನು ಹಳೆಯದು ಕೊಳ್ಳಲೇಬೇಡಿ, ಪುಕ್ಕಟೆ ಕೊಟ್ಟರೂ. ಅಲ್ಲಿ ಚೌಕಾಶಿಗೆ ಜಾಗವಿಲ್ಲ.

ಆ ಮೊದಲ ಕಾರ್ಬ್ಯುರೇಟರ್ ನನ್ನ ಬೀರುವಿನಲ್ಲೇ ಇತ್ತು. ಮೊನ್ನೆ ನಾನೇ ಒಂದು ಜಾಹೀರಾತು ಹಾಕಿದೆ. 'ಶಾಫ್ಟಿನ ತೂತು ಸವೆದಿದೆ, ಗಾಳಿ ಎಳೆಯುತ್ತದೆ. ಫ್ಲೋಟು, ಜೆಟ್ಟುಗಳು ಚೆನ್ನಾಗಿವೆ. ಬಿಡಿಭಾಗಗಳಿಗಾಗಿ ಮಾತ್ರ. ಬೆಲೆ 800. ಬಂದು ನೋಡಿಯೇ ಕೊಳ್ಳತಕ್ಕದ್ದು' ಎಂದು ಬರೆದು, ಆಡುವ ಶಾಫ್ಟಿನ ವಿಡಿಯೋವನ್ನೂ ಸೇರಿಸಿದೆ. ಹತ್ತು ನಿಮಿಷಕ್ಕೆ ಮೊದಲ ಸಂದೇಶ ಬಂತು:

'ಲಾಸ್ಟ್ ಎಷ್ಟು?'