ಚೀಟಿಯ ಮೇಲಿನ ಅಂಕಿಗಳು



ನಮ್ಮ ಹಳ್ಳಿಗಳಲ್ಲಿ ವಯಸ್ಸಾದವರ ಆರೋಗ್ಯ ವಿಚಾರಿಸುವ ರೀತಿ ನಿಮಗೆ ಗೊತ್ತೇ ಇದೆ. ‘ಏನ್ ಮುತ್ಯಾ, ಆರಾಮ?’ ‘ಆರಾಮ ಅದೀನಪಾ. ಎರಡು ರೊಟ್ಟಿ ಉಣತೀನಿ, ಹೊಲದ ತನಕಾ ನಡೀತೀನಿ.’ ಅಲ್ಲಿಗೆ ಮಾತು ಮುಗಿಯಿತು. ಹಸಿವು, ನಿದ್ದೆ, ನಡಿಗೆ ಆರೋಗ್ಯದ ಗುರುತುಗಳೇ, ಸುಳ್ಳಲ್ಲ. ಆದರೆ ಏರಿದ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ಬಹಳ ಕಾಲ ಯಾವ ನೋವನ್ನೂ ಕೊಡದೆ ಒಳಗೇ ಕುಳಿತಿರುತ್ತವೆ. ಅವನ್ನು ಅಳೆದೇ ತಿಳಿಯಬೇಕು.

ಮೊದಲು ರಕ್ತದೊತ್ತಡ, ನಾವು ಬಿಪಿ ಎನ್ನುವುದು. ಚೀಟಿಯಲ್ಲಿ ಎರಡು ಅಂಕಿಗಳಿರುತ್ತವೆ. ಹೃದಯ ರಕ್ತವನ್ನು ದೂಡುವಾಗಿನ ಒತ್ತಡ ಮೇಲಿನದು, ಎರಡು ಬಡಿತಗಳ ನಡುವೆ ಹೃದಯ ಸಡಿಲಾದಾಗಿನದು ಕೆಳಗಿನದು. 120ಕ್ಕೆ 80ರ ಆಸುಪಾಸು ಇದ್ದರೆ ಒಳ್ಳೆಯದು. ಬೇರೆ ಬೇರೆ ದಿನ ಅಳೆದಾಗಲೂ ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದರೆ ಅದು ಏರಿದ ಒತ್ತಡ. ಮುಪ್ಪಿನಲ್ಲಿ ರಕ್ತನಾಳ ಬಿರುಸಾಗಿ ಮೇಲಿನ ಅಂಕಿಯೊಂದೇ ಏರುವುದುಂಟು. ‘ವಯಸ್ಸಾಯಿತಲ್ಲ, ಇರಲಿ’ ಎಂದು ಬಿಡಬಾರದು. ಲಕ್ವ ಹೊಡೆಯುವುದಕ್ಕೆ ದೊಡ್ಡ ಕಾರಣ ಇದೇ.

ಅಳೆಯುವುದಕ್ಕೂ ಒಂದು ಕ್ರಮವಿದೆ. ಬಸ್ಸಿಳಿದು ಅವಸರದಿಂದ ಬಂದು ತೋಳು ಚಾಚಿದರೆ ಅಂಕಿ ಹೆಚ್ಚೇ ಬಂದೀತು. ಅರ್ಧ ತಾಸು ಮೊದಲು ಚಹಾ, ತಂಬಾಕು ಬೇಡ. ಮೂತ್ರಕ್ಕೆ ಹೋಗಿಬಂದು, ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂಡಿರಿ. ತೋಳು ಎದೆಯ ಮಟ್ಟಕ್ಕಿರಲಿ, ಅಳೆಯುವಾಗ ಮಾತು ಬೇಡ. ಎದ್ದು ನಿಂತರೆ ಕಣ್ಣು ಕತ್ತಲೆ ಬರುವವರು ಅದನ್ನು ಹೇಳಿ, ನಿಂತೂ ಅಳೆಯಿಸಿಕೊಳ್ಳಿರಿ.

‘ಗುಳಿಗೆಯಿಂದ ಬಿಪಿ ಇಳಿಯಿತು, ಅದಕ್ಕೇ ಬಿಟ್ಟೆ’ ಎನ್ನುವವರಿದ್ದಾರೆ. ಇಳಿದದ್ದು ಗುಳಿಗೆಯಿಂದಲೇ ಅಲ್ಲವೇ? ಬಿಟ್ಟರೆ ಮತ್ತೆ ಏರುತ್ತದೆ. ಡಾಕ್ಟರನ್ನು ಕೇಳದೆ ಬಿಡಬೇಡಿರಿ. ಉಪ್ಪೂ ದಿನಕ್ಕೆ ಒಂದು ಚಹಾ ಚಮಚ, ಅಂದರೆ 5 ಗ್ರಾಂ ದಾಟದಿರಲಿ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಆ ಲೆಕ್ಕದಲ್ಲೇ ಬರುತ್ತದೆ.

ಇನ್ನು ಸಕ್ಕರೆ. ರಾತ್ರಿ ಉಂಡು, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕೊಟ್ಟ ರಕ್ತದಲ್ಲಿ 100ರ ಒಳಗಿದ್ದರೆ ಸರಿ. 100ರಿಂದ 125 ಎಚ್ಚರಿಕೆಯ ಗಂಟೆ. 126 ಮುಟ್ಟಿ ಅಥವಾ ದಾಟಿ, ಎರಡನೆಯ ತಪಾಸಣೆಯಲ್ಲೂ ಹಾಗೇ ಬಂದರೆ ಸಕ್ಕರೆ ಕಾಯಿಲೆ ಇದೆ ಎಂದರ್ಥ. ಎಚ್‌ಬಿಎ1ಸಿ ಎಂಬ ಇನ್ನೊಂದು ತಪಾಸಣೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ನಾಳೆ ತಪಾಸಣೆಯೆಂದು ಇಂದು ಸಿಹಿ ಬಿಟ್ಟರೆ ಅದು ಮೋಸ ಹೋಗುವುದಿಲ್ಲ.

ಸಕ್ಕರೆ ತೀರ ಇಳಿಯುವುದೂ ಅಪಾಯವೇ. ಗುಳಿಗೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡು ಏಕಾದಶಿಯ ಉಪವಾಸ ಮಾಡಿದ ಹಿರಿಯರಿಗೆ ಬೆವರು, ನಡುಕ, ತೊದಲು ಮಾತು ಬಂದರೆ, ಅದು ಬರೀ ಸುಸ್ತು ಎಂದು ಮಲಗಿಸಬೇಡಿರಿ. ಎಚ್ಚರವಿದ್ದರೆ ತಕ್ಷಣ ಸಕ್ಕರೆ ನೀರು ಕುಡಿಸಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ದವಾಖಾನೆಗೆ ಒಯ್ಯಿರಿ. ಉಪವಾಸಕ್ಕೆ ಮೊದಲೇ ಡಾಕ್ಟರನ್ನು ಕೇಳುವುದು ಮೇಲು.

ಮನೆಯಲ್ಲೇ ಅಳೆಯಬಹುದಾದವೂ ಇವೆ. ಬಟ್ಟೆ ಹೊಲಿಯುವವರ ಟೇಪು ಸಾಕು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಕೈ ಊರದೆ ಕುರ್ಚಿಯಿಂದ ಏಳಲು ಬರುತ್ತದೆಯೇ, ಕಾರಣವಿಲ್ಲದೆ ತೂಕ ಇಳಿಯುತ್ತಿದೆಯೇ, ಇವನ್ನೂ ಗಮನಿಸಿರಿ.

ಕಡೆಯದಾಗಿ ಒಂದು ಮಾತು. ಗಡಿಯವರಾದ ನಾವು ಒಂದೇ ದವಾಖಾನೆಯವರಲ್ಲ. ಅಕ್ಕಲಕೋಟೆಯವರು ಸೊಲ್ಲಾಪುರಕ್ಕೂ ಹೋಗುತ್ತಾರೆ, ಕಲಬುರಗಿಗೂ ಹೋಗುತ್ತಾರೆ. ಜತ್ತದವರು ಮಿರಜಕ್ಕೂ ವಿಜಯಪುರಕ್ಕೂ ಹೋಗುತ್ತಾರೆ. ಒಂದು ಕಡೆ ಮರಾಠಿ, ಇನ್ನೊಂದು ಕಡೆ ಕನ್ನಡ, ಚೀಟಿ ಮಾತ್ರ ಇಂಗ್ಲಿಷು. ಆದರೆ 140 ಎಂಬುದು ಎಲ್ಲ ಕಡೆಗೂ 140ವೇ. ಆದ್ದರಿಂದ ಒಂದು ವಹಿಯಲ್ಲಿ ತಾರೀಖು, ಬಿಪಿ, ಸಕ್ಕರೆ, ತೂಕ, ಗುಳಿಗೆಯ ಹೆಸರು ಬರೆಸಿ ಇಡಿರಿ. ಮೊಮ್ಮಕ್ಕಳು ಬರೆದುಕೊಟ್ಟಾರು. ಒಂದು ದಿನದ ಅಂಕಿಗಿಂತ ಸಾಲಾಗಿ ಬಂದ ಅಂಕಿಗಳು ಡಾಕ್ಟರಿಗೆ ಹೆಚ್ಚು ಹೇಳುತ್ತವೆ.

30 ವರ್ಷ ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಸಕ್ಕರೆ ನೋಡುವ ವ್ಯವಸ್ಥೆಯಿದೆ. ಮುಂದಿನ ಸಲ ಯಾರಾದರೂ ‘ಆರಾಮ?’ ಎಂದು ಕೇಳಿದರೆ, ‘ಆರಾಮ ಅದೀನಿ, ಅಳೆಸೀನಿ’ ಎನ್ನುವಂತಾಗಲಿ.