ರದ್ದಿ ಬುಟ್ಟಿ, ಅಜ್ಜಿ ಮತ್ತು ಎರಡು ವರ್ಷದ ಮಗು
(ಸಂಘದ ವಾರ್ಷಿಕೋತ್ಸವದ ಪೋಷಕರ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಡಾಕ್ಟರುಗಳನ್ನು ಮಾತಿಗೆ ಕರೆದರೆ ಕೊಲೆಸ್ಟರಾಲ್ ಹೆಸರು ಹೇಳಿ ಹೆದರಿಸುವುದು ವಾಡಿಕೆ. ಒಳಗೆ ಹೋಳಿಗೆ ಬಿಸಿಯಾಗುತ್ತಿರುವಾಗ ಆ ಪಾಪ ನಮಗೆ ಬೇಡ. ಇವತ್ತಿನ ವಿಷಯ ನಿಮ್ಮ ಮನೆಯ ರೀಸೈಕ್ಲಿಂಗ್ ಬುಟ್ಟಿ.

2010ರ ಚಳಿಗಾಲ. ಎಂ.ಬಿ.ಬಿ.ಎಸ್. ಮುಗಿಸಿ ಬಂದಿದ್ದ ನಾವಿಬ್ಬರೂ ಇಲ್ಲೇ ಒಹಾಯೋದಲ್ಲಿ ರೆಸಿಡೆನ್ಸಿ ಮಾಡುತ್ತಿದ್ದೆವು. ಒಬ್ಬರು ಡ್ಯೂಟಿ ಮುಗಿಸಿ ಬರುವಾಗ ಇನ್ನೊಬ್ಬರು ಹೊರಡುವ ಸಂಸಾರ. ಮಗಳಿಗೆ ಎರಡು ವರ್ಷ ತುಂಬಿದ್ದರೂ ಇಪ್ಪತ್ತು ಪದ ದಾಟಿರಲಿಲ್ಲ. ಆ ವಯಸ್ಸಿಗೆ ಐವತ್ತು ಪದ ಬರಬೇಕು, ಎರಡೆರಡು ಪದ ಜೋಡಿಸಬೇಕು ಎಂದು ಕ್ಲಿನಿಕ್ಕಿನಲ್ಲಿ ಬೇರೆಯವರಿಗೆ ಹೇಳುತ್ತಿದ್ದವರೇ ನಾವು. ಹಿರಿಯ ಡಾಕ್ಟರೊಬ್ಬರು "ಮನೆಯಲ್ಲಿ ಒಂದೇ ಭಾಷೆ ಇಟ್ಟುಕೊಳ್ಳಿ" ಎಂದರು. ಯಾವ ಭಾಷೆ ಎಂದು ಬಿಡಿಸಿ ಹೇಳಬೇಕಿಲ್ಲ. ನಾವು ಒಪ್ಪಿದೆವು. ನಮ್ಮಲ್ಲಿಗೆ ಬಂದ ಎರಡು ಮೂರು ಸಂಸಾರಗಳಿಗೂ ಅದನ್ನೇ ಹೇಳಿದೆವು. ಆ ಮಾತು ಈಗಲೂ ನಮ್ಮನ್ನು ಚುಚ್ಚುತ್ತದೆ, ಏಕೆಂದರೆ ಅದು ತಪ್ಪು. ಎರಡು ಭಾಷೆ ಕೇಳಿದ್ದರಿಂದ ಮಗುವಿನ ಮಾತು ತಡವಾಗುವುದಿಲ್ಲ. ಪದ ಎಣಿಸುವಾಗ ಎರಡೂ ಭಾಷೆಯ ಪದಗಳನ್ನು ಕೂಡಿಸಿ ಎಣಿಸಬೇಕು. ಆಗಲೂ ಕಡಿಮೆ ಎನಿಸಿದರೆ ಕಿವಿ ಪರೀಕ್ಷೆ ಮಾಡಿಸಿ, ಸ್ಪೀಚ್ ಥೆರಪಿಗೆ ಕರೆದುಕೊಂಡು ಹೋಗಿ. ಕನ್ನಡವನ್ನು ಮಾತ್ರ ಮನೆಯಿಂದ ಹೊರಗೆ ಹಾಕಬೇಡಿ.

ಅಷ್ಟರಲ್ಲಿ ತಿಪಟೂರಿನಿಂದ ಅಜ್ಜಿ ಬಂದರು. ಇಂಗ್ಲಿಷ್ ಬಾರದು, ಕಾರು ಬಿಡಲು ಬಾರದು, ಹೊರಗೆ ಮೊಣಕಾಲುದ್ದ ಹಿಮ. ಮನೆ ತುಂಬ ಬ್ಯಾಟರಿ ಆಟಿಕೆಗಳು. ಗುಂಡಿ ಒತ್ತಿದರೆ ದೀಪ, ಹಾಡು. "ಇದು ಆಡೋದೋ, ನೋಡೋದೋ?" ಎಂದು ಕೇಳಿ ಅಜ್ಜಿ ಅವನ್ನೆಲ್ಲ ಮಂಚದ ಕೆಳಗೆ ತಳ್ಳಿದರು. ರದ್ದಿ ಬುಟ್ಟಿಯಿಂದ ಓಟ್‌ಮೀಲ್ ಡಬ್ಬ, ಪೇಪರ್ ಟವೆಲಿನ ಕೊಳವೆ, ಸಿರಿಯಲ್ ಪೆಟ್ಟಿಗೆ, ಅಂಗಡಿಯವರ ಜಾಹೀರಾತು ಕಾಗದ ಎಲ್ಲ ಹೊರಗೆ ಬಂದವು. ಮೈದಾ ಕಾಯಿಸಿ ಗೋಂದು ಮಾಡಿದರು. ಬೀಟ್‌ರೂಟ್ ಬೇಯಿಸಿದ ನೀರು ಕೆಂಪು ಬಣ್ಣ, ಉಳಿದ ಕಾಫಿ ಡಿಕಾಕ್ಷನ್ ಕಂದು ಬಣ್ಣ. ಹರಿ, ಮಡಚು, ಸುತ್ತು, ಅಂಟಿಸು, ತೂತು ಮಾಡು: ಇಡೀ ದಿನ ಇದೇ ಮಾತು. ವಸ್ತುಗಳ ಹೆಸರನ್ನು ಚಿತ್ರದ ಪುಸ್ತಕ ತೋರಿಸಿ ಕಲಿಸಬಹುದು. "ಮಡಚು" ಎಂಬುದು ಮಗುವಿನ ಕೈ ಮಡಚುತ್ತಿರುವಾಗಲೇ ಕಿವಿಗೆ ಬೀಳಬೇಕು. ನಾಲ್ಕನೆಯ ವಾರ ಮಗಳು ರಟ್ಟಿನ ಚೂರು ಹಿಡಿದು ಬಂದು "ಅಜ್ಜಿ, ಅಂಟ್ಸು" ಎಂದಳು. ಅವಳು ಜೋಡಿಸಿದ ಮೊದಲ ಎರಡು ಪದ. ಸ್ಪೀಚ್ ಥೆರಪಿಯೂ ಶುರುವಾಗಿತ್ತು ಅನ್ನಿ. ಯಾರ ಪಾಲು ಎಷ್ಟು ಎಂದು ನಾವು ಅಳೆಯಲು ಹೋಗಲಿಲ್ಲ.

ಇನ್ನು ನಮ್ಮ ಮಾನ ಹೋದ ಕಥೆ. ಮೊಟ್ಟೆಯ ರಟ್ಟಿನಿಂದ ಮಾಡಿದ ಮುಖವಾಡಕ್ಕೆ ಅಜ್ಜಿ ಎರಡು ಹುಣಿಸೆಬೀಜದ ಕಣ್ಣು ಅಂಟಿಸಿದ್ದರು. ಒಂದು ಕಣ್ಣು ಕಾಣೆಯಾಯಿತು. ಮಗಳ ಒಂದು ಹೊಳ್ಳೆಯಿಂದ ಮಾತ್ರ ಸಿಂಬಳ, ಕೆಟ್ಟ ವಾಸನೆ. ಒಂದೇ ಹೊಳ್ಳೆ ಸೋರಿದರೆ ಒಳಗೆ ಏನೋ ಸಿಕ್ಕಿಕೊಂಡಿದೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವರು ನಾವಿಬ್ಬರೂ. ಆದರೂ ನೆಗಡಿ ಎಂದುಕೊಂಡು ಎರಡು ದಿನ ಕಳೆದೆವು! ಎಮರ್ಜೆನ್ಸಿಯಲ್ಲಿ ತೆಗೆಯುವ ಹೊತ್ತಿಗೆ ಬೀಜ ನೆನೆದು ಉಬ್ಬಿತ್ತು. ಅದೇ ಬೀಜ ಶ್ವಾಸನಾಳಕ್ಕೆ ಇಳಿದಿದ್ದರೆ ಇವತ್ತು ಈ ಭಾಷಣ ಇರುತ್ತಿರಲಿಲ್ಲ. ಅಜ್ಜಿ ಅತ್ತರು, ಡಬ್ಬಗಳನ್ನೆಲ್ಲ ಆಚೆಗೆ ಹಾಕಲು ಹೊರಟರು. ನಾವು ಬೀಜಗಳನ್ನು ಮಾತ್ರ ಎಸೆದೆವು, ಡಬ್ಬಗಳನ್ನು ಉಳಿಸಿಕೊಂಡೆವು.

ಆದ್ದರಿಂದ ಒಂದು ಅಳತೆ ನೆನಪಿಡಿ. ಮೂರು ವರ್ಷದೊಳಗಿನವರ ಆಟಿಕೆಗಳನ್ನು ಪರೀಕ್ಷಿಸಲು ಅಮೆರಿಕದ ಕಾನೂನಿನಲ್ಲಿ 1.25 ಇಂಚು ಅಗಲದ ಒಂದು ಕೊಳವೆ ಇದೆ. ಟಾಯ್ಲೆಟ್ ಪೇಪರ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆ ಅದಕ್ಕಿಂತ ತುಸು ಅಗಲ. ಅದರೊಳಗೆ ತೂರುವ ಯಾವ ವಸ್ತುವನ್ನೂ ಆ ವಯಸ್ಸಿನವರಿಗೆ ಕೊಡಬೇಡಿ. ಬಾಟಲಿ ಮುಚ್ಚಳ, ಗುಂಡಿ, ಬಟಾಣಿ, ಒಡೆದ ಬಲೂನಿನ ಚೂರು ಎಲ್ಲ ಇದರಲ್ಲಿ ಸೇರಿದವು. ಹಾಡುವ ಹುಟ್ಟುಹಬ್ಬದ ಕಾರ್ಡು ಕತ್ತರಿಸಲು ಕೊಡುವವರು ಬಹಳ. ಅದರೊಳಗೆ ಗುಂಡಿಯಂಥ ಪುಟ್ಟ ಬ್ಯಾಟರಿ ಇರುತ್ತದೆ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ದೇವರ ಮನೆಯ ಕುಂಕುಮವನ್ನು ಬಣ್ಣವಾಗಿ ಬಳಸಬೇಡಿ. ಕೆಲವು ಕುಂಕುಮ, ಸಿಂಧೂರಗಳಲ್ಲಿ ಸೀಸ ಸಿಕ್ಕಿದೆ, ಮಗು ಬೆರಳು ಚೀಪದೆ ಬಿಡುವುದಿಲ್ಲ.

ಹಿಟ್ಟಿನ ಆಟಕ್ಕೂ ಒಂದು ಮಾತು. ಪ್ಲೇ-ಡೋ ಹುಟ್ಟಿದ್ದು ನಮ್ಮ ಒಹಾಯೋದ ಸಿನ್ಸಿನಾಟಿಯಲ್ಲಿ. ಮೊದಲು ಅದು ಗೋಡೆ ಕಾಗದದ ಮೇಲಿನ ಕಲ್ಲಿದ್ದಲ ಮಸಿ ಒರೆಸುವ ಮುದ್ದೆ. ಮನೆಗಳಿಗೆ ಗ್ಯಾಸ್ ಬಂದು ಮಸಿ ಕಡಿಮೆಯಾದಾಗ ವ್ಯಾಪಾರ ಕುಸಿಯಿತು. ನರ್ಸರಿ ಟೀಚರೊಬ್ಬರು ಅದನ್ನು ಮಕ್ಕಳ ಕೈಗೆ ಕೊಟ್ಟು ನೋಡಿದರು. 1956ರಲ್ಲಿ ಆಟಿಕೆಯಾಗಿ ಮಾರಾಟಕ್ಕೆ ಬಂತು. ಮನೆಯಲ್ಲಿ ಮಾಡುವುದಾದರೆ ಹಸಿ ಮೈದಾ ಕಲಸಿ ಕೊಡಬೇಡಿ. ಹಸಿ ಹಿಟ್ಟಿನಲ್ಲಿ ಇ. ಕೋಲೈ ಇರಬಹುದು, 2016ರಲ್ಲಿ ಈ ದೇಶದಲ್ಲಿ ಅದರಿಂದ ಕಾಯಿಲೆ ಹರಡಿ, ಅಂಗಡಿಗಳಿಂದ ಹಿಟ್ಟು ವಾಪಸು ತರಿಸಿದ್ದರು. ಅಜ್ಜಿಯ ವಿಧಾನ ಸರಿ: ಕಡುಬಿಗೆ ಮಾಡುವಂತೆ ಕುದಿಯುವ ನೀರಿಗೆ ಅಕ್ಕಿಹಿಟ್ಟು ಹಾಕಿ, ಒಲೆಯ ಮೇಲೆ ಚೆನ್ನಾಗಿ ಉಕ್ಕರಿಸಿ, ಎಣ್ಣೆ ಕೈಯಿಂದ ನಾದುವುದು. ಎರಡು ದಿನ ಫ್ರಿಜ್ಜಿನಲ್ಲಿ ಇಡಬಹುದು.

ಮೊನ್ನೆ ಬೇಸ್‌ಮೆಂಟ್ ಖಾಲಿ ಮಾಡುವಾಗ ಆ ಮುಖವಾಡ ಸಿಕ್ಕಿತು. ಎಸೆಯಲು ಹೊರಟರೆ ಹೈಸ್ಕೂಲಿನ ಮಗಳು ಕಿತ್ತುಕೊಂಡು, "ಹರೀಬೇಡಿ, ಅಜ್ಜಿ ಅಂಟ್ಸಿದ್ದು" ಎಂದಳು.

ಊಟವಾದ ಮೇಲೆ ಪಕ್ಕದ ಕೋಣೆಯಲ್ಲಿ ಡಬ್ಬ, ರಟ್ಟು, ಗೋಂದು ಎಲ್ಲ ಇಟ್ಟಿದ್ದೇವೆ. ಊರಿನಿಂದ ಬಂದಿರುವ ಅಜ್ಜಿ ತಾತಂದಿರು ದಯವಿಟ್ಟು ಮಕ್ಕಳ ಜೊತೆ ಕೂತುಕೊಳ್ಳಿ. ಹುಣಿಸೆಬೀಜ ಮಾತ್ರ ತರಬೇಡಿ.