ಎತ್ತರದ ಬೈಕು, ಗಿಡ್ಡ ಸವಾರ



ನನ್ನ ಎತ್ತರ ಐದು ಅಡಿ ಎರಡು ಅಂಗುಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕುರ್ಚಿಯಲ್ಲಿ ಕುಳಿತು ಮಾತನಾಡುವವರ ಎತ್ತರ ಟಿ.ವಿ.ಯಲ್ಲಿ ತಿಳಿಯುವುದಿಲ್ಲ.

2022ರ ಮಳೆಗಾಲದಲ್ಲಿ ಒಂದು ದಿನ ಬಳ್ಳಾರಿಯಿಂದ ಕುರುಗೋಡಿಗೆ ಹೊರಟಿದ್ದೆ. ದೊಡ್ಡಬಸವೇಶ್ವರನ ದರ್ಶನ ಮಾಡಿ, ಹಾಗೆಯೇ ಸಿರುಗುಪ್ಪಕ್ಕೆ ಹೋಗಿ ತುಂಗಭದ್ರೆಯನ್ನು ನೋಡಿ ಬರುವ ಯೋಚನೆ. ಬೈಕು ಹೊಸದು, ದೂರ ಪ್ರಯಾಣಕ್ಕೆಂದೇ ಕೊಂಡ 411 ಸಿ.ಸಿ.ಯ ಹಿಮಾಲಯನ್. ಕುರುಗೋಡು ಇನ್ನೂ ಸ್ವಲ್ಪ ದೂರವಿರುವಾಗ ಎದುರಿಗೆ ಮೇವು ಹೇರಿದ ಟ್ರ್ಯಾಕ್ಟರ್ ಬಂತು. ದಾರಿ ಬಿಡಲೆಂದು ರಸ್ತೆಯ ಅಂಚಿಗೆ ಸರಿದು ನಿಂತು ಎಡಗಾಲು ಇಳಿಬಿಟ್ಟೆ. ನೆಲ ಸಿಗಲಿಲ್ಲ. ಸಿಕ್ಕದ್ದು ಎರೆಮಣ್ಣಿನ ಕೆಸರು, ಅದೂ ನಾನು ಎಣಿಸಿದ್ದಕ್ಕಿಂತ ನಾಲ್ಕು ಬೆರಳು ಕೆಳಗೆ. ಸುಮಾರು 200 ಕಿಲೊ ತೂಕದ ಗಾಡಿ ಒಮ್ಮೆ ವಾಲಿತೆಂದರೆ ಆರಡಿ ಆಳಿನ ಕೈಯಲ್ಲೂ ನಿಲ್ಲುವುದಿಲ್ಲ. ನನ್ನ ಪಾದ ಅದರ ಅಡಿಗೆ ಸಿಕ್ಕಿತು. ಟ್ರ್ಯಾಕ್ಟರಿನಲ್ಲಿದ್ದವರು ಇಳಿದು ಬಂದು ಮೊದಲು ಗಾಡಿಯನ್ನು, ಆಮೇಲೆ ನನ್ನನ್ನು ಎತ್ತಿದರು. ಅವರಲ್ಲಿ ಹಿರಿಯರೊಬ್ಬರು, "ಗಾಡಿ ಚಲೋ ಐತಿ ಸಾರ್, ಆದ್ರ ನಿಮ್ಮ ಅಳತಿದಲ್ಲ ನೋಡ್ರಿ" ಎಂದರು.

ಮೂರು ವಾರ ಕಾಲಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಕುಳಿತಾಗ ಆ ಮಾತೇ ಕಿವಿಯಲ್ಲಿತ್ತು. ಅಂಗಿಯನ್ನು ಅಳತೆಗೆ ಹೊಲಿಸಿಕೊಳ್ಳುತ್ತೇವೆ. ಬೈಕನ್ನು ಏಕೆ ಹೊಲಿಸಿಕೊಳ್ಳಬಾರದು?

ಇಂಥ ಗಾಡಿಗಳು ಎತ್ತರವಾಗಿರುವುದಕ್ಕೆ ಕಾರಣವಿದೆ. ಕಲ್ಲು, ಗುಂಡಿ, ಹಳ್ಳ ದಾಟಬೇಕಾದರೆ ಎಂಜಿನ್ನಿನ ಅಡಿಭಾಗ ನೆಲದಿಂದ ಮೇಲಿರಬೇಕು. ಚಕ್ರ ಮೇಲೆ ಕೆಳಗೆ ಆಡಲು ಜಾಗ ಬೇಕು. ನನ್ನ ಗಾಡಿಯಲ್ಲಿ ಮುಂದಿನ ಚಕ್ರಕ್ಕೆ 200, ಹಿಂದಿನದಕ್ಕೆ 180 ಮಿಲಿಮೀಟರ್ ಆಟವಿದೆ. ಅದರ ಸೀಟು ನೆಲದಿಂದ 800 ಮಿಲಿಮೀಟರ್. 2023ರಲ್ಲಿ ಬಂದ 450ರ ಸೀಟು 825. ಆರಾಮದ ಸವಾರಿಗೆಂದು ಮಾಡಿದ ಮೀಟಿಯರ್ 350ರದು 765 ಮಾತ್ರ. ಆದರೆ ಈ ಅಂಕಿಗಳನ್ನು ನೋಡಿ ಹೆದರಬೇಡಿ. ನಾವು ಕುಳಿತ ಕೂಡಲೆ ನಮ್ಮ ಭಾರಕ್ಕೆ ಸ್ಪ್ರಿಂಗು ಕುಸಿದು ಗಾಡಿ ಒಂದಿಷ್ಟು ತಗ್ಗುತ್ತದೆ. ಅಲ್ಲದೆ ಸೀಟಿನ ಅಗಲವನ್ನು ಯಾವ ಕಂಪನಿಯೂ ದೊಡ್ಡ ಅಕ್ಷರದಲ್ಲಿ ಹಾಕುವುದಿಲ್ಲ. ಸೀಟು ಮುಂಭಾಗದಲ್ಲಿ ಅಗಲವಾಗಿದ್ದರೆ ತೊಡೆಗಳು ಹೊರಕ್ಕೆ ಚಾಚಿ, ಇರುವ ಕಾಲಿನ ಉದ್ದವೂ ಪೋಲಾಗುತ್ತದೆ.

ಇದು ಆಗ ನನಗೆ ತಿಳಿದಿರಲಿಲ್ಲ. ಕಾಲು ವಾಸಿಯಾದ ಮೇಲೆ ನೆಟ್ಟಗೆ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿ ಹಿಂದಿನ ಸಸ್ಪೆನ್ಷನ್ನಿನ ಲಿಂಕ್ ಪಟ್ಟಿಗಳನ್ನು ತೆಗೆದು ಬೇರೆ ಅಳತೆಯವನ್ನು ಹಾಕಿ, ಹಿಂಭಾಗವನ್ನು ಒಂದು ಅಂಗುಲ ಇಳಿಸಿಕೊಟ್ಟರು. ಒಂದೇ ಗಂಟೆಯ ಕೆಲಸ. ಎರಡೂ ಪಾದ ನೆಲಕ್ಕೆ ತಾಗಿದವು, ಗೆದ್ದೆನೆಂದುಕೊಂಡೆ.

ಮನೆಗೆ ಬಂದು ಸೈಡ್ ಸ್ಟ್ಯಾಂಡ್ ಹಾಕಿದೆ. ಗಾಡಿ ತಗ್ಗಿತ್ತು, ಸ್ಟ್ಯಾಂಡು ಹಳೆಯ ಉದ್ದದಲ್ಲೇ ಇತ್ತು. ಹಾಗಾಗಿ ಬೈಕು ಎಡಕ್ಕೆ ಒರಗದೆ ನೆಟ್ಟಗೆ ನಿಂತಿತು. ಆಡುತ್ತಿದ್ದ ಮಗುವೊಂದು ಬಂದು ಮುಟ್ಟಿದ್ದರೂ ಬಲಕ್ಕೆ ಉರುಳುತ್ತಿತ್ತು. ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮರುದಿನ ರಾತ್ರಿ ಸಿರುಗುಪ್ಪದ ರಸ್ತೆಯಲ್ಲಿ ಎದುರಿನವರೆಲ್ಲ ನನಗೆ ದೀಪ ಮಿಣುಕಿಸತೊಡಗಿದರು. ಹಿಂಭಾಗ ತಗ್ಗಿ ಮುಂಭಾಗ ಎದ್ದಿದ್ದರಿಂದ ನನ್ನ ಹೆಡ್‌ಲೈಟು ಅವರ ಕಣ್ಣಿಗೇ ಹೊಡೆಯುತ್ತಿತ್ತು. ತಿರುವಿನಲ್ಲಿ ಹ್ಯಾಂಡಲ್ಲು ಮೊದಲಿನ ಚುರುಕಿನಿಂದ ತಿರುಗುತ್ತಿರಲಿಲ್ಲ. ಹಿಂದೆ ಹೆಂಡತಿಯನ್ನು ಕೂರಿಸಿಕೊಂಡಾಗ ರಸ್ತೆಯ ಉಬ್ಬುಗಳು ಎಂಜಿನ್ನಿನ ಅಡಿಯ ತಗಡಿಗೆ ಉಜ್ಜುತ್ತಿದ್ದವು.

ಲಿಂಕ್ ಬದಲಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಹಿಂದೆ ಇಳಿಸಿದರೆ ಮುಂದಿನ ಫೋರ್ಕ್ ಕೊಳವೆಗಳನ್ನೂ ಅವುಗಳ ಹಿಡಿಕೆಯಲ್ಲಿ ಲೆಕ್ಕ ನೋಡಿ ಮೇಲಕ್ಕೆ ಸರಿಸಬೇಕು, ಸ್ಪ್ರಿಂಗು ಪೂರ್ತಿ ಕುಸಿದಾಗ ಟೈರು ಮಡ್‌ಗಾರ್ಡಿಗೆ ತಾಗದೆಂದು ಖಾತ್ರಿ ಮಾಡಿಕೊಳ್ಳಬೇಕು, ಸ್ಟ್ಯಾಂಡನ್ನು ಕತ್ತರಿಸಿ ಅದೇ ಓರೆಯಲ್ಲಿ ಮತ್ತೆ ಬೆಸುಗೆ ಹಾಕಬೇಕು, ದೀಪ ತಗ್ಗಿಸಬೇಕು. ಒಂದನ್ನು ಮುಟ್ಟಿದರೆ ನಾಲ್ಕನ್ನು ಮುಟ್ಟಬೇಕಾದ ಕೆಲಸವಿದು. ಚೌಕಟ್ಟಿಗಂತೂ ಗರಗಸ ಹಚ್ಚಲೇಬಾರದು. ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿರ್ಬಂಧಿಸುತ್ತದೆ.

ಹಳೆಯ ಲಿಂಕುಗಳನ್ನೇ ಹಾಕಿಸಿಕೊಂಡು, ಕೊನೆಗೆ ನಾನು ಹೋದದ್ದು ಬಳ್ಳಾರಿಯಲ್ಲಿ ಸೀಟ್ ಕವರ್ ಹೊಲಿಯುವ ಒಂದು ಸಣ್ಣ ಅಂಗಡಿಗೆ. ಜೀನ್ಸ್ ಹೊಲಿಗೆಗೆ ಹೆಸರಾದ ಊರು ನಮ್ಮದು. ದಪ್ಪ ಬಟ್ಟೆ, ರೆಕ್ಸಿನ್ ಹೊಲಿಯುವ ಕೈಗಳಿಗೆ ಇಲ್ಲಿ ಬರವಿಲ್ಲ. ಆ ಕುಶಲಕರ್ಮಿ ಟೇಪು ಹಿಡಿಯಲೇ ಇಲ್ಲ. ನನ್ನನ್ನು ಗಾಡಿಯ ಮೇಲೆ ಕೂರಿಸಿ ತೊಡೆ ಎಲ್ಲಿ ತಾಗುತ್ತದೆಂದು ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿದ. "ಒಂದೇ ಸಲ ಕೊಯ್ಯೋದು ಬ್ಯಾಡ್ರಿ ಸಾರ್. ಕೊಯ್ದ ಫೋಮು ಮತ್ತ ಬೆಳೆಯಂಗಿಲ್ಲ" ಎಂದ. ಮೊದಲು ಸೀಟಿನ ಮೂತಿಯ ಎರಡೂ ಬದಿಯನ್ನು ಕೆತ್ತಿದ. ಎತ್ತರ ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ, ಆದರೂ ಪಾದ ನೆಲಕ್ಕೆ ಹತ್ತಿರವಾಯಿತು! ಆಮೇಲೆ ಮೇಲಿನಿಂದ ಅರ್ಧ ಅಂಗುಲ ತೆಗೆದು, ಹಳೆಯ ಕವರನ್ನೇ ಸಡಿಲವಾಗಿ ಹೊದಿಸಿ, "ಒಂದು ವಾರ ಓಡಾಡಿ ಬರ್ರಿ" ಎಂದು ಕಳಿಸಿದ.

ಎರಡನೆಯ ಸಲ ಇನ್ನೊಂದು ಕಾಲು ಅಂಗುಲ. ಅಲ್ಲಿಗೆ ನಾನೇ ಸಾಕೆಂದೆ. ಫೋಮು ತೀರ ತೆಳುವಾದರೆ ಐವತ್ತು ಕಿಲೊಮೀಟರು ಹೋಗುವಷ್ಟರಲ್ಲಿ ಬೆನ್ನಿನ ಬುಡ ಸೀಟಿನ ತಳಕ್ಕೆ ಕುಟ್ಟತೊಡಗುತ್ತದೆ. ಸೀಟು ಇಳಿದಷ್ಟೂ ಕಾಲಿಡುವ ಪೆಡಲು ಹತ್ತಿರವಾಗಿ ಮಂಡಿ ಹೆಚ್ಚು ಮಡಚುತ್ತದೆ. ದೂರ ಹೋಗುವವರಿಗೆ ಅದೂ ನೋವೇ. ನಾನು ಮೇಲೊಂದು ಪದರ ಗಟ್ಟಿ ಫೋಮು ಕೂಡಿಸಿ, ಹೊಲಿಗೆಯಿಂದ ನೀರಿಳಿಯದಂತೆ ರೆಕ್ಸಿನ್ನಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಕಿಸಿದೆ. ಸೀಟಿನ ಬಣ್ಣ ಮಾತ್ರ ಕಪ್ಪು ಬೇಡ. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕರಿ ಸೀಟಿನ ಮೇಲೆ ಕುಳಿತವರಿಗೆ ಕಾರಣ ಹೇಳಬೇಕಾಗಿಲ್ಲ. ಇದರ ಜೊತೆಗೆ ಅರ್ಧ ಅಂಗುಲ ದಪ್ಪ ಅಟ್ಟೆಯ ಬೂಟು. ಎಲ್ಲ ಸೇರಿ ಒಂದೂಕಾಲು ಅಂಗುಲವಾಯಿತು. ಗಾಡಿಯ ಒಂದು ನಟ್ಟನ್ನೂ ಸಡಿಲಿಸಿರಲಿಲ್ಲ.

ಉಳಿದದ್ದು ಅಭ್ಯಾಸ. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಲೇಬೇಕೆಂಬುದು ಹಟವಷ್ಟೇ. ನಿಲ್ಲುವ ಮೊದಲು ಸೀಟಿನ ಮೇಲೆ ಸ್ವಲ್ಪ ಎಡಕ್ಕೆ ಜಾರಿದರೆ ಎಡಪಾದ ಚೆನ್ನಾಗಿ ಊರುತ್ತದೆ. ಬಲಪಾದ ಹಿಂದಿನ ಬ್ರೇಕಿನ ಮೇಲಿರಲಿ. ಇನ್ನೊಂದು ಸಂಗತಿ ನಾನು ಬಿದ್ದ ಮೇಲೆ ಕಲಿತದ್ದು. ಮಳೆನೀರು ಹರಿಯಲೆಂದು ನಮ್ಮ ರಸ್ತೆಗಳು ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತವೆ. ನಾವು ಎಡಬದಿಯಲ್ಲಿ ಹೋಗುವವರು. ಆದ್ದರಿಂದ ಅಂಚಿನಲ್ಲಿ ನಿಂತರೆ ಎಡಗಾಲಿಗೆ ಸಿಗುವ ನೆಲ ಯಾವಾಗಲೂ ತಗ್ಗಿನದೇ. ನಿಲ್ಲಲೇಬೇಕಾದರೆ ಡಾಂಬರಿನ ಮೇಲೆ, ಅಂಚಿನಿಂದ ಎರಡು ಅಡಿ ಒಳಗೆ ನಿಲ್ಲಿ. ಹಿಂದೆ ವಾಹನವಿದೆಯೇ ಎಂದು ಮಾತ್ರ ಕನ್ನಡಿಯಲ್ಲಿ ಮೊದಲೇ ನೋಡಿಕೊಳ್ಳಿ. ಎರೆಹೊಲದ ಪಕ್ಕದ ಹಸಿ ಮಣ್ಣಿಗಂತೂ ಇಳಿಯಬೇಡಿ.

ಮುಂದಿನ ಸಲ ಕುರುಗೋಡಿಗೆ ಹೋದಾಗ ಅದೇ ಜಾಗದಲ್ಲಿ ಬೇಕೆಂದೇ ನಿಲ್ಲಿಸಿದೆ, ಡಾಂಬರಿನ ಮೇಲೆ. ಎಡಪಾದದ ಮುಂಭಾಗ ಗಟ್ಟಿಯಾಗಿ ಊರಿತ್ತು. ಹಿಮ್ಮಡಿ ಈಗಲೂ ಒಂದು ಬೆರಳು ಮೇಲೆಯೇ ಇದೆ. ಹಾಗೆಯೇ ಸಿರುಗುಪ್ಪಕ್ಕೂ ಹೋಗಿಬಂದೆ.